ಹಮ್ಮಿಂಗ್‌ಬರ್ಡ್ ಫೀಡರ್ ತುಂಬಾ ಜೇನುಹುಳ, ದೂರ ಇಡುವುದು ಹೇಗೆ?

ಸುಮಾ, ಫ್ರೀಮಾಂಟ್

ನಮಸ್ಕಾರ ಎಲ್ಲರಿಗೂ. ಹಿತ್ತಲಲ್ಲಿ ಹಮ್ಮಿಂಗ್‌ಬರ್ಡ್ ಫೀಡರ್, ಅಂದರೆ ಆ ಪುಟ್ಟ ಹಕ್ಕಿಗೆ ಸಕ್ಕರೆ ನೀರು ಇಡುವ ಪಾತ್ರೆ, ಕಟ್ಟಿರುವವರು ಯಾರಾದರೂ ಇದ್ದರೆ ದಯವಿಟ್ಟು ಒಂದು ದಾರಿ ಹೇಳಿ.

ನಮ್ಮ ಮನೆಗೆ ಬರುವುದು ಆನಾಸ್ ಹಮ್ಮಿಂಗ್‌ಬರ್ಡ್. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಜಾತಿ ವರ್ಷವಿಡೀ ಇರುತ್ತವೆ, ಚಳಿಗಾಲಕ್ಕೂ ಬಿಟ್ಟು ಹೋಗುವುದಿಲ್ಲ. ಮೈಸೂರಿನಿಂದ ನಮ್ಮತ್ತೆ ಬಂದಿದ್ದಾರೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿಂಬಾಗಿಲ ಹತ್ತಿರ ಕೂತರೆ ಆ ಹಕ್ಕಿ ಬಂದು ಹೋಗುವವರೆಗೂ ಏಳುವುದಿಲ್ಲ. ಗಂಡು ಹಕ್ಕಿ ತಲೆ ತಿರುಗಿಸಿದಾಗ ಕೊರಳಿನ ಮೇಲೆ ಬಿಸಿಲು ಬಿದ್ದರೆ ಗುಲಾಲು ಎರಚಿದ ಹಾಗೆ ಹೊಳೆಯುತ್ತದೆ, ಅದನ್ನ ನೋಡುವುದಕ್ಕೇ ಕಾಯುತ್ತಾರೆ.

ಈ ಆಗಸ್ಟ್ ಬಂದ ಮೇಲೆ ಫೀಡರ್ ಪೂರ್ತಿ ಜೇನಿನ ಪಾಲಾಗಿದೆ. ಒಂದೊಂದು ತೂತಿನ ಮೇಲೂ ಹುಳಗಳು ಒಂದರ ಬೆನ್ನ ಮೇಲೆ ಒಂದು ಹತ್ತಿ ಕೂತಿರುತ್ತವೆ. ಹಕ್ಕಿ ಬರುತ್ತದೆ, ಒಂದು ಮೊಳ ದೂರದಲ್ಲಿ ಗಾಳಿಯಲ್ಲೇ ನಿಲ್ಲುತ್ತದೆ, ಮುಂದೆ ಬಂದು ಕೊಕ್ಕು ಚಾಚುತ್ತದೆ, ಹುಳ ಎದ್ದ ತಕ್ಷಣ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಬೇಲಿ ಮೇಲೆ ಕೂತು ಚಿರ್ ಚಿರ್ ಅಂತ ಬೈಯುತ್ತಾ ಇರುತ್ತದೆ, ಕುಡಿಯದೇ ಹೊರಟು ಹೋಗುತ್ತದೆ. ನೋಡೋಕೆ ಸಂಕಟ ಆಗುತ್ತದೆ.

ನಮ್ಮದು ತಲೆಕೆಳಗಾಗಿ ನೇತುಹಾಕುವ ಗಾಜಿನ ಬಾಟಲಿ. ಕೆಳಗೆ ಕೆಂಪು ತಟ್ಟೆ, ಅದರ ಸುತ್ತ ಹಳದಿ ಪ್ಲಾಸ್ಟಿಕ್ ಹೂಗಳು. ಪಶ್ಚಿಮದ ಕಡೆ ಸೂರಿನ ಅಂಚಿಗೆ ಕಟ್ಟಿದ್ದೇವೆ, ಮಧ್ಯಾಹ್ನ 3ರ ಮೇಲೆ ನೇರ ಬಿಸಿಲು ಬೀಳುತ್ತದೆ. ಒಂದು ಲೋಟ ಸಕ್ಕರೆಗೆ ಮೂರು ಲೋಟ ನೀರು ಹಾಕುತ್ತೇವೆ. ಪಕ್ಕದ ಮನೆಯವರು ಸುಮ್ನೆ ಸ್ಪ್ರೇ ಹೊಡೆದುಬಿಡಿ ಅಂದರು. ಜೇನು ಸಾಯಿಸುವುದು ನನಗೆ ಬೇಡವೇ ಬೇಡ. ಹಕ್ಕಿಯೂ ಕುಡಿಯಬೇಕು, ಜೇನೂ ಬದುಕಬೇಕು, ಮಕ್ಕಳೂ ಹಿತ್ತಲಿಗೆ ಹೋಗುವಂತಿರಬೇಕು. ಏನು ಮಾಡಲಿ?

ಗಿರೀಶ, ಆಸ್ಟಿನ್

ಸುಮಾ ಅವರೇ, ಸ್ಪ್ರೇ ಹೊಡೆಯದೇ ಇದ್ದದ್ದು ಬಹಳ ಒಳ್ಳೇದಾಯಿತು. ಆ ವಿಷ ಹಕ್ಕಿಯ ಹೊಟ್ಟೆಗೂ ಹೋಗುತ್ತಿತ್ತು.

ನಿಮ್ಮ ವಿವರ ಓದಿದರೆ ಕಾರಣ ಅಲ್ಲೇ ಇದೆ. ಬಾಟಲಿ ಫೀಡರ್ ಸೋರುತ್ತದೆ. ನೀವು ಸರಿಯಾಗಿ ತಿರುಪಿಲ್ಲ ಅಂತಲ್ಲ, ಅದರ ರಚನೆಯೇ ಹಾಗೆ. ಬಾಟಲಿ ಅರ್ಧ ಖಾಲಿಯಾದಾಗ ಮೇಲೆ ಗಾಳಿ ತುಂಬಿಕೊಂಡಿರುತ್ತದೆ. ಬಿಸಿಲು ಬಿದ್ದು ಆ ಗಾಳಿ ಹಿಗ್ಗಿತು ಅಂದರೆ ಒಳಗಿನ ಸಕ್ಕರೆ ನೀರನ್ನ ಕೆಳಗೆ ತಳ್ಳುತ್ತದೆ, ತೂತಿನಿಂದ ಹನಿ ಹನಿಯಾಗಿ ಹೊರಗೆ ಬಂದು ಪ್ಲಾಸ್ಟಿಕ್ ಹೂವಿನ ಮೇಲೆ ನಿಲ್ಲುತ್ತದೆ. ಬಾಟಲಿ ಖಾಲಿಯಾದಷ್ಟೂ ಸೋರುವುದು ಜಾಸ್ತಿ. ನಾಳೆ ಮಧ್ಯಾಹ್ನ 3ಕ್ಕೆ ಹತ್ತಿರ ಹೋಗಿ ನೋಡಿ, ಹಳದಿ ಹೂವಿನ ಎಸಳಿನ ತುದಿಯಲ್ಲಿ ಹನಿ ತೂಗುತ್ತಾ ಇರುತ್ತದೆ. ಮೊದಲ ಜೇನು ಬರುವುದು ಆ ಹನಿಗೆ.

ಎರಡನೇದು ಆ ಹಳದಿ ಬಣ್ಣ. ಜೇನಿಗೆ ಹಳದಿ, ನೀಲಿ, ನಮಗೆ ಕಾಣದ ಅತಿನೇರಳೆ ಎಲ್ಲ ಚೆನ್ನಾಗಿ ಕಾಣುತ್ತದೆ. ಕೆಂಪು ಮಾತ್ರ ಅದಕ್ಕೆ ಕಪ್ಪಿನ ಹಾಗೆ. ಹಮ್ಮಿಂಗ್‌ಬರ್ಡ್‌ಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಅಂದಮೇಲೆ ಫೀಡರ್ ಮೇಲೆ ಹಳದಿ ಯಾಕೆ ಬೇಕು ಹೇಳಿ? ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಚೆಂದ ಕಾಣಲಿ ಅಂತ ಇಟ್ಟಿದ್ದಾರೆ ಅಷ್ಟೇ. ಕೀಳಲು ಬಂದರೆ ಕಿತ್ತು ಹಾಕಿ.

ನನ್ನನ್ನ ಕೇಳಿದರೆ ಆ ಬಾಟಲಿಯನ್ನೇ ಬಿಟ್ಟು ತಟ್ಟೆಯ ಥರದ ಫೀಡರ್ ತನ್ನಿ. ಅಗಲವಾದ ಬಟ್ಟಲು, ಮೇಲೆ ಕೆಂಪು ಮುಚ್ಚಳ, ಮುಚ್ಚಳದಲ್ಲಿ ತೂತು. ಸಕ್ಕರೆ ನೀರು ತೂತಿನ ಕೆಳಗೆ ನಿಂತಿರುತ್ತದೆ, ಮೇಲೆ ತಳ್ಳುವ ಗಾಳಿಯೇ ಇಲ್ಲ, ಹಾಗಾಗಿ ಸೋರುವುದಿಲ್ಲ. ಜೇನಿನ ನಾಲಗೆ ಉದ್ದ 6-7 ಮಿಲಿಮೀಟರ್ ಇದ್ದರೆ ಹೆಚ್ಚು. ಹಕ್ಕಿ ಕೊಕ್ಕು ಇಳಿಸಿ ಅದರಾಚೆಗೂ ನಾಲಗೆ ಚಾಚುತ್ತದೆ. ಆ ವ್ಯತ್ಯಾಸವೇ ನಿಮ್ಮ ಉಪಾಯ. ಆದರೆ ಬಟ್ಟಲನ್ನ ಕಂಠಮಟ್ಟ ತುಂಬಬೇಡಿ. ತುಂಬಿದರೆ ನೀರು ತೂತಿನ ಹತ್ತಿರ ಬಂದು ಜೇನಿಗೂ ಎಟುಕುತ್ತದೆ. ಮೇಲೆ ಒಂದು ಬೆರಳಿನ ಅಗಲದಷ್ಟಾದರೂ ಖಾಲಿ ಬಿಡಿ. ಗಾಳಿಗೆ ತೂಗಾಡಿದರೂ ಚೆಲ್ಲುತ್ತದೆ, ಅದಕ್ಕೆ ಅಲುಗದ ಕಡೆ ನೇತುಹಾಕಿ. ಹಮ್‌ಜಿಂಗರ್ ಅಂತ ಒಂದು ಬರುತ್ತದೆ, ಮುಚ್ಚಳದ ನಡುವೆ ಇರುವೆ ತಡೆಯುವುದಕ್ಕೆ ನೀರಿನ ಗುಳಿಯೂ ಇದೆ. ಅದೇ ಆಗಬೇಕಂತಿಲ್ಲ, ಆ ಥರದ್ದು ಯಾವುದಾದರೂ ಆದೀತು.

ಮತ್ತೆ ಒಂದಕ್ಕೆ ಮೂರು ಬೇಡ, ಒಂದಕ್ಕೆ ನಾಲ್ಕು ಮಾಡಿ. ಸಿಹಿ ಹೆಚ್ಚಿದಷ್ಟೂ ಜೇನಿಗೆ ಆಸೆ ಹೆಚ್ಚು.

ತುಡುವೆ, ಸ್ಯಾಕ್ರಮೆಂಟೊ

ನಾನು ಬೆಳೆದದ್ದು ಶಿರಸಿ ಹತ್ತಿರ. ಮನೆಯ ಹಿಂದೆ ಅಪ್ಪ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದರು, ಈಗ ಇಲ್ಲೂ ಪೆಟ್ಟಿಗೆ ಇಟ್ಟಿದ್ದೇನೆ. ಜೇನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಆಗಸ್ಟ್‌ನಲ್ಲೇ ಯಾಕೆ ಬಂದವು ಅಂತ ಯೋಚಿಸಿ. ಕ್ಯಾಲಿಫೋರ್ನಿಯಾದಲ್ಲಿ ಫೆಬ್ರವರಿಯಲ್ಲಿ ಬಾದಾಮಿ ಹೂ ಬಿಡುತ್ತದೆ, ವಸಂತದಲ್ಲಿ ಎಲ್ಲೆಲ್ಲೂ ಹೂವು. ಬೇಸಿಗೆ ಬಂದರೆ ಮಳೆ ಇಲ್ಲ, ಗುಡ್ಡ ಎಲ್ಲ ಒಣಹುಲ್ಲು. ಗೂಡಿನಲ್ಲಿ ಸಾವಿರಾರು ಹುಳ ಇರುತ್ತವೆ, ಹೊರಗೆ ಹೂವಿಲ್ಲ. ನಮ್ಮ ಮಲೆನಾಡಿನಲ್ಲಿ ಇದೇ ಪರಿಸ್ಥಿತಿ ಮಳೆಗಾಲದಲ್ಲಿ ಬರುತ್ತದೆ. ಜೂನ್‌ನಿಂದ ಜಡಿಮಳೆ ಹಿಡಿದರೆ ಜೇನು ಹೊರಗೆ ಹೋಗುವಂತಿಲ್ಲ, ಆಗ ಪೆಟ್ಟಿಗೆಯೊಳಗೇ ಸಕ್ಕರೆ ಪಾಕ ಇಟ್ಟು ಸಾಕುತ್ತೇವೆ. ನಿಮ್ಮ ಫೀಡರ್‌ಗೆ ಬಂದಿರುವ ಹುಳಗಳು ಹೊಟ್ಟೆಗಿಲ್ಲದೆ ಬಂದಿವೆ. ಕಚ್ಚಲು ಬಂದದ್ದಲ್ಲ. ಗೂಡಿನಿಂದ ದೂರ ಆಹಾರ ಹುಡುಕುವ ಜೇನು ಒತ್ತಿ ಹಿಡಿದರೆ, ಕಾಲಡಿ ಸಿಕ್ಕಿದರೆ ಕಚ್ಚೀತೇ ಹೊರತು ಅಟ್ಟಿಸಿಕೊಂಡು ಬರುವುದಿಲ್ಲ. ಮಕ್ಕಳಿಗೆ ಬರಿಗಾಲಲ್ಲಿ ಫೀಡರ್ ಕೆಳಗೆ ಓಡಾಡಬೇಡಿ ಅಂತ ಹೇಳಿ, ಸಾಕು.

ಇನ್ನೊಂದು ವಿಷಯ. ಒಂದು ಹುಳಕ್ಕೆ ಸಿಕ್ಕಿದರೆ ಅದು ಗೂಡಿಗೆ ಹೋಗಿ ಕುಣಿದು ಉಳಿದವಕ್ಕೆ ಹೇಳುತ್ತದೆ. ಎಲ್ಲಿದೆ, ಯಾವ ದಿಕ್ಕು, ಎಷ್ಟು ದೂರ, ಎಲ್ಲ ಆ ಕುಣಿತದಲ್ಲೇ ಗೊತ್ತಾಗುತ್ತದೆ. ಕಾರ್ಲ್ ಫಾನ್ ಫ್ರಿಶ್ ಅನ್ನುವವರು ಇದನ್ನ ಬಿಡಿಸಿ ಹೇಳಿದರು, 1973ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ಬೆಳಗ್ಗೆ ಒಂದೆರಡು ಹುಳ ಇದ್ದದ್ದು ಮಧ್ಯಾಹ್ನಕ್ಕೆ ಮುತ್ತಿಗೆಯಾಗುತ್ತದೆ. ಒಂದು ಸಲ ಜಾಗ ಮನಸ್ಸಿಗೆ ಬಿತ್ತು ಅಂದರೆ ಖಾಲಿ ಫೀಡರ್‌ಗೂ ಬಂದು ಹುಡುಕುತ್ತವೆ.

ಅದಕ್ಕೆ ಫೀಡರ್ ಮಾತ್ರ ಬದಲಾಯಿಸಿದರೆ ಸಾಲದು, ಜಾಗವನ್ನೂ ಬದಲಾಯಿಸಿ. ಕತ್ತಲಾದ ಮೇಲೆ ಹುಳ ಎಲ್ಲ ಗೂಡಿಗೆ ಹೋಗಿರುತ್ತವೆ, ಆಗ ಇಳಿಸಿ. ಕಂಬ, ಕೊಕ್ಕೆ, ಕೆಳಗಿನ ನೆಲ ಎಲ್ಲ ಬಿಸಿನೀರು ಹಾಕಿ ತೊಳೆಯಿರಿ, ಅಂಟು ಉಳಿಯಬಾರದು. ಎರಡು ದಿನ ಏನೂ ಕಟ್ಟಬೇಡಿ. ಹುಳಗಳು ಹಳೇ ಜಾಗಕ್ಕೆ ಬಂದು ಏನೂ ಸಿಗದೆ ಹೋಗುತ್ತವೆ, ಆ ಸುದ್ದಿ ಹರಡುವುದೂ ನಿಲ್ಲುತ್ತದೆ. ಆಮೇಲೆ ಹೊಸ ಫೀಡರನ್ನ ಮನೆಯ ಇನ್ನೊಂದು ಮಗ್ಗುಲಿಗೆ, ಇಡೀ ದಿನ ನೆರಳಿರುವ ಕಡೆ ಕಟ್ಟಿ. ಹಕ್ಕಿ ಮನೆಯ ಸುತ್ತ ಸುತ್ತಿ ಹುಡುಕಿಕೊಳ್ಳುತ್ತದೆ, ಆ ಚಿಂತೆ ಬೇಡ.

ಒಂದು ಸ್ವಾರಸ್ಯ. ಈ ಜೇನು ಅಮೆರಿಕದ್ದೇ ಅಲ್ಲ. 1622ರಲ್ಲಿ ಯುರೋಪಿನವರು ಹಡಗಿನಲ್ಲಿ ವರ್ಜೀನಿಯಾಕ್ಕೆ ತಂದರು. ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 1853ರಲ್ಲಿ, ಅದೂ ನಿಮ್ಮ ಪಕ್ಕದ ಸ್ಯಾನ್ ಹೊಸೆಗೆ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅದರ ನೆನಪಿನ ಫಲಕ ಇದೆ. ಹಮ್ಮಿಂಗ್‌ಬರ್ಡ್ ಮಾತ್ರ ಇಲ್ಲಿಯದೇ, ಅಮೆರಿಕ ಖಂಡಗಳನ್ನ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಸಿಗುವುದಿಲ್ಲ.

ಲತಾ, ನ್ಯೂಜೆರ್ಸಿ

ಸುಮಾ, ಮೊದಲು ಅದು ಜೇನೋ ಕಣಜದ ಹುಳವೋ ಅಂತ ಸರಿಯಾಗಿ ನೋಡಿಕೊಳ್ಳಿ. ನಮ್ಮ ಕಡೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕಾಟ ಕೊಡುವುದು ಯೆಲ್ಲೋಜಾಕೆಟ್ ಅನ್ನುವ ಕಣಜ. ಜೇನಾದರೆ ಕಂದು ಬಣ್ಣ, ಮೈಮೇಲೆ ಸಣ್ಣ ರೋಮ ಇರುತ್ತದೆ. ಯೆಲ್ಲೋಜಾಕೆಟ್ ಮೈ ನುಣುಪು, ಹಳದಿ ಕಪ್ಪು ಪಟ್ಟೆ ಢಾಳಾಗಿ ಕಾಣುತ್ತದೆ, ಸೊಂಟ ಸಣ್ಣ. ಇದು ಒಂದೇ ಹುಳ ಹಲವು ಸಲ ಕಚ್ಚಬಲ್ಲದು. ಬೇಸಿಗೆಯ ಶುರುವಿನಲ್ಲಿ ಮರಿಗಳಿಗೆ ಅಂತ ಹುಳಹುಪ್ಪಟೆ, ಮಾಂಸ ಹುಡುಕುತ್ತವೆ. ಮರಿಗಳು ಅದಕ್ಕೆ ಬದಲು ಸಿಹಿ ರಸ ಕೊಡುತ್ತವೆ. ಬೇಸಿಗೆ ಮುಗಿಯುವಾಗ ಗೂಡಿನಲ್ಲಿ ಮರಿ ಕಮ್ಮಿ, ಆ ಸಿಹಿಯೂ ಕಮ್ಮಿ, ಆಗ ನಮ್ಮ ಜ್ಯೂಸ್ ಲೋಟಕ್ಕೂ ಬರುತ್ತವೆ ಫೀಡರ್‌ಗೂ ಬರುತ್ತವೆ.

ನಮ್ಮಲ್ಲಿ ಬರುವುದು ಕೆಂಪು ಕೊರಳಿನ ರೂಬಿ ಥ್ರೋಟೆಡ್ ಒಂದೇ ಜಾತಿ. ಏಪ್ರಿಲ್ ಕೊನೆಗೆ ಬಂದು ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಹೊರಟು ಹೋಗುತ್ತವೆ. ಹೊರಡುವ ಮುಂಚೆ ಮೈಗೆ ಕೊಬ್ಬು ಹಿಡಿಸಿಕೊಳ್ಳಬೇಕು, ಸರಿಯಾಗಿ ಅದೇ ಹೊತ್ತಿಗೆ ಈ ಕಣಜದ ಕಾಟ. ಅದಕ್ಕೆ ಈ ವಿಷಯ ನನಗೆ ಸಣ್ಣದು ಅನ್ನಿಸುವುದೇ ಇಲ್ಲ.

ನಾನು ಮಾಡುವುದು ಎರಡು. ಒಂದು, ತೂತಿನ ಮೇಲೆ ಕೂರಿಸುವ ಸಣ್ಣ ಜಾಲರಿ. ಕೆಲವು ಫೀಡರ್ ಜೊತೆಗೇ ಕೊಡುತ್ತಾರೆ. ಹಕ್ಕಿ ಅದರೊಳಗಿಂದ ನಾಲಗೆ ಹಾಕುತ್ತದೆ, ಹುಳಕ್ಕೆ ಆಗುವುದಿಲ್ಲ. ಆದರೆ ಬಾಟಲಿ ಸೋರುತ್ತಿದ್ದರೆ ಜಾಲರಿಯ ಮೇಲೇ ಹನಿ ನಿಂತು ಹುಳ ಅಲ್ಲೇ ನೆಕ್ಕುತ್ತದೆ, ಹಾಗಾಗಿ ಗಿರೀಶ ಹೇಳಿದ್ದು ಮೊದಲು. ಎರಡು, ಫೀಡರ್‌ನಿಂದ ದೂರ, ಬೇಲಿ ಮೂಲೆಯಲ್ಲಿ ಒಂದು ತಟ್ಟೆಗೆ ಗಟ್ಟಿ ಸಕ್ಕರೆ ಪಾಕ, ಸಮ ಸಮ ಸಕ್ಕರೆ ನೀರು, ಹಾಕಿಡುತ್ತೇನೆ. ಹುಳಗಳು ಜಾಸ್ತಿ ಸಿಹಿ ಇರುವ ಕಡೆ ಹೋಗುತ್ತವೆ, ಹಕ್ಕಿಗೆ ಫೀಡರ್ ಬಿಡುವಾಗುತ್ತದೆ.

ತುಡುವೆ, ಸ್ಯಾಕ್ರಮೆಂಟೊ

ಲತಾ ಅವರೇ, ಜಾಲರಿ ಸರಿ. ತಟ್ಟೆಯ ಪಾಕ ಮಾತ್ರ ಬೇಡ ಅಂತ ಕೇಳಿಕೊಳ್ಳುತ್ತೇನೆ. ಸುತ್ತಮುತ್ತಲ ಹತ್ತಾರು ಗೂಡಿನ ಜೇನು ಒಂದೇ ತಟ್ಟೆಗೆ ಬಂದರೆ ಒಂದರ ರೋಗ ಇನ್ನೊಂದಕ್ಕೆ ಅಂಟುವ ಭಯ ಇದೆ. ಆಹಾರ ಇಲ್ಲದ ಕಾಲದಲ್ಲಿ ಬಯಲಲ್ಲಿ ಪಾಕ ಸಿಕ್ಕರೆ ಹುಳಗಳಿಗೆ ಕೊಳ್ಳೆ ಹೊಡೆಯುವ ಬುದ್ಧಿ ಬರುತ್ತದೆ, ಬಲವಾದ ಗೂಡಿನ ಹುಳ ಸೊರಗಿದ ಗೂಡಿಗೆ ನುಗ್ಗಿ ಜೇನುತುಪ್ಪ ದೋಚುತ್ತವೆ, ಸೊರಗಿದ ಗೂಡು ಸತ್ತೇ ಹೋಗುತ್ತದೆ. ಶಿರಸಿಯಲ್ಲಿ ಪಾಕ ಕೊಡುವಾಗ ಪೆಟ್ಟಿಗೆಯೊಳಗೆ, ಅದೂ ಸಂಜೆ ಮೇಲೆ ಕೊಡುವುದು ಇದಕ್ಕೇ. ಮತ್ತೆ ತಟ್ಟೆ ಇಟ್ಟರೆ ಕುಣಿತದ ಸುದ್ದಿ ಇನ್ನೂ ದೂರ ಹೋಗಿ ನಿಮ್ಮ ಹಿತ್ತಲಿಗೆ ಇನ್ನಷ್ಟು ಹುಳ ಬರುತ್ತವೆ, ಅಲ್ವಾ?

ಲತಾ, ನ್ಯೂಜೆರ್ಸಿ

ರೋಗದ ವಿಷಯ ಸರಿ, ಜೇನು ಬರುವ ಕಡೆ ತಟ್ಟೆ ಬೇಡ, ಒಪ್ಪಿದೆ. ನಮ್ಮಲ್ಲಿ ಬರುವುದು ಕಣಜ ಮಾತ್ರ, ಅದಕ್ಕೆ ನನ್ನ ಅನುಭವ ಬೇರೆ. ಕಣಜದ ಹುಳಕ್ಕೆ ನೇತುಹಾಕುವ ಬೋನು ಬರುತ್ತದೆ, ಅದನ್ನ ವಸಂತದಲ್ಲೇ ಹಾಕಿದರೆ ರಾಣಿಗಳು ಸಿಕ್ಕಿ ಆ ವರ್ಷದ ಗೂಡೇ ಕಮ್ಮಿಯಾಗಬಹುದು. ಆದರೆ ಬೋನನ್ನ ಫೀಡರ್ ಹತ್ತಿರ ಕಟ್ಟಬೇಡಿ.

ಸುಮಾ, ಫ್ರೀಮಾಂಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ, ರೋಮ ಇರುವ ಕಂದು ಹುಳ. ಜೇನೇ. ಗಿರೀಶ ಅವರು ಹೇಳಿದ ಹನಿಯೂ ಕಂಡಿತು. ಇವತ್ತು ರಾತ್ರಿ ಇಳಿಸುತ್ತೇವೆ.

ಮೂರು ಅನುಮಾನ ಉಳಿದಿವೆ. ಎರಡು ದಿನ ತೆಗೆದರೆ ಹಕ್ಕಿಗೆ ಉಪವಾಸ ಆಗುವುದಿಲ್ಲವಾ? ಅತ್ತೆ ಕೇಳುತ್ತಿದ್ದಾರೆ, ಬರೀ ಬಿಳಿ ಸಕ್ಕರೆ ಯಾಕೆ, ಬೆಲ್ಲ ಅಥವಾ ಜೇನುತುಪ್ಪ ಹಾಕಿದರೆ ಹಕ್ಕಿಗೆ ಶಕ್ತಿ ಬರುತ್ತದಲ್ಲ ಅಂತ. ಇನ್ನೊಂದು, ತೂತಿನ ಸುತ್ತ ಕೊಬ್ಬರಿ ಎಣ್ಣೆ ಸವರಿದರೆ ಹುಳ ಜಾರುತ್ತದೆ ಅಂತ ಯಾರೋ ಹೇಳಿದರು, ಮಾಡಬಹುದಾ?

ಗಿರೀಶ, ಆಸ್ಟಿನ್

ಎಣ್ಣೆ ಬೇಡ. ವ್ಯಾಸಲೀನ್, ಅಡುಗೆ ಎಣ್ಣೆ, ಗ್ರೀಸು ಯಾವುದೂ ಬೇಡ. ಹಕ್ಕಿಯ ಕೊಕ್ಕಿಗೆ, ಎದೆಯ ಗರಿಗೆ ಅಂಟಿದರೆ ಅದು ತೆಗೆದುಕೊಳ್ಳಲಾರದು. ಗರಿ ಒಂದಕ್ಕೊಂದು ಅಂಟಿದರೆ ಹಾರುವುದಕ್ಕೂ ಕಷ್ಟ, ರಾತ್ರಿ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೂ ಕಷ್ಟ. ಇಡೀ ಹಕ್ಕಿ 4-5 ಗ್ರಾಂ ಇದ್ದರೆ ಹೆಚ್ಚು, ಒಂದು ಹನಿ ಎಣ್ಣೆ ಅದಕ್ಕೆ ದೊಡ್ಡ ಭಾರ.

ಅತ್ತೆಯವರಿಗೆ ಹೇಳಿ, ಅವರು ಕೇಳಿದ್ದು ನ್ಯಾಯವೇ, ನಮಗೆ ಬೆಲ್ಲ ಒಳ್ಳೇದು. ಹಕ್ಕಿಗೆ ಅಲ್ಲ. ಬೆಲ್ಲದಲ್ಲಿ, ಕಂದು ಸಕ್ಕರೆಯಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಇವಕ್ಕೆ ಆಗುವುದಿಲ್ಲ. ಜೇನುತುಪ್ಪಕ್ಕೆ ನೀರು ಸೇರಿಸಿ ಬಿಸಿಲಿಗೆ ಇಟ್ಟರೆ ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅದರ ವಾಸನೆಗೆ ಜೇನು ಬರುವುದೂ ಜಾಸ್ತಿ. ಬಿಳಿ ಸಕ್ಕರೆ ನೀರು ಹೂವಿನ ಮಕರಂದಕ್ಕೆ ಹತ್ತಿರ ಇರುತ್ತದೆ. ಕೆಂಪು ಬಣ್ಣ ಬೆರೆಸಬೇಡಿ. ಜೇನು ಬಿಡುವವರೆಗೆ ಬೇಕಿದ್ದರೆ ಒಂದಕ್ಕೆ ಐದು ಮಾಡಿ, ಹಕ್ಕಿ ಕುಡಿಯುತ್ತದೆ, ಜೇನಿಗೆ ರುಚಿಸುವುದಿಲ್ಲ.

ಈಗಿನ ಸೆಕೆಗೆ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ಹಾಕಬೇಕು. ಮುಗಿದಿಲ್ಲ ಅಂತ ಮೇಲಿಂದ ಮೇಲೆ ಸುರಿಯಬೇಡಿ. ತೂತಿನ ಒಳಗೆ ಸಣ್ಣ ಬ್ರಶ್ ಹಾಕಿ ಉಜ್ಜಿ, ಕಪ್ಪು ಚುಕ್ಕೆ ಕಂಡರೆ ಅದು ಬೂಷ್ಟು. ವಿನೆಗರ್ ಬೆರೆಸಿದ ಬಿಸಿನೀರು ಸಾಕು, ಆಮೇಲೆ ಚೆನ್ನಾಗಿ ಜಾಲಿಸಿ. ಉಳಿದ ಸಕ್ಕರೆ ನೀರನ್ನ ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದು.

ಅನಿತಾ, ಸ್ಯಾನ್ ಡಿಯಾಗೊ

ಉಪವಾಸದ ಪ್ರಶ್ನೆಗೆ ನಾನು ಹೇಳುತ್ತೇನೆ. ಆಗುವುದಿಲ್ಲ ಸುಮಾ. ಹಮ್ಮಿಂಗ್‌ಬರ್ಡ್ ಬರೀ ಸಿಹಿ ಕುಡಿದು ಬದುಕುವ ಹಕ್ಕಿ ಅಲ್ಲ. ನುಸಿ, ಸಣ್ಣ ನೊಣ, ಜೇಡ ಎಲ್ಲ ತಿನ್ನುತ್ತದೆ. ಜೇಡರ ಬಲೆಯಲ್ಲಿ ಸಿಕ್ಕ ಹುಳವನ್ನೂ ಎತ್ತಿಕೊಳ್ಳುತ್ತದೆ, ಬಲೆಯ ನೂಲನ್ನ ಗೂಡು ಕಟ್ಟುವುದಕ್ಕೂ ಒಯ್ಯುತ್ತದೆ. ಮರಿಗೆ ಗುಟುಕು ಕೊಡುವುದೂ ಹುಳ ಬೆರೆತ ಆಹಾರವೇ. ಫೀಡರ್ ಇಲ್ಲದ ದಿನ ಸುತ್ತಲ ಹೂವಿಗೆ ಹೋಗುತ್ತದೆ. ಅದಕ್ಕೇ ಹಿತ್ತಲಲ್ಲಿ ಎಲ್ಲೂ ಕೀಟನಾಶಕ ಹಾಕಬೇಡಿ, ಗುಲಾಬಿ ಗಿಡಕ್ಕೂ ಬೇಡ.

ಫೀಡರ್ ಜೊತೆಗೆ ಗಿಡ ಹಾಕಿ ಅಂತ ನನ್ನ ಆಸೆ. ಉದ್ದ ಕೊಳವೆಯಂಥ ಕೆಂಪು ಹೂವು ಹಕ್ಕಿಗೆ, ಅಗಲವಾಗಿ ಬಿಚ್ಚಿಕೊಂಡ ಸಣ್ಣ ಹೂವು ಜೇನಿಗೆ. ಕ್ಯಾಲಿಫೋರ್ನಿಯಾ ಫ್ಯೂಷಿಯಾ ಅಂತ ಇಲ್ಲಿಯದೇ ಗಿಡ ಇದೆ, ಬೇಸಿಗೆ ಕೊನೆಯಲ್ಲಿ ಉಳಿದದ್ದೆಲ್ಲ ಒಣಗಿದಾಗ ಅದು ಕೆಂಪಾಗಿ ಹೂ ಬಿಡುತ್ತದೆ, ನೀರೂ ಅಷ್ಟು ಬೇಡ. ಪೈನಾಪಲ್ ಸೇಜ್ ಶರತ್ಕಾಲದಲ್ಲಿ ಬರುತ್ತದೆ. ಆ ಕೊಳವೆಯ ತಳಕ್ಕೆ ಕೊಕ್ಕು ಹೋಗುತ್ತದೆ, ಜೇನಿನ ನಾಲಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಜೇನಿಗೆ ಅಂತ ಒಂದು ಮಾತು. ನಿಮ್ಮ ಮನೆಯಲ್ಲಿ ತುಳಸಿ ಇದ್ದೇ ಇರುತ್ತದೆ. ಕುಡಿ ಚಿವುಟುತ್ತಾ ಇರುತ್ತೇವಲ್ಲ, ಒಂದೆರಡು ಕುಂಡದಲ್ಲಿ ಚಿವುಟದೆ ಕದಿರು ಬಿಡಲು ಬಿಡಿ. ಇಟಾಲಿಯನ್ ಬೇಸಿಲ್ ಆದರೂ ಸರಿ. ಫೀಡರ್ ಒಂದು ಮಗ್ಗುಲಿಗಿದ್ದರೆ ಈ ಕುಂಡಗಳು ಹಿತ್ತಲ ಇನ್ನೊಂದು ತುದಿಗಿರಲಿ. ಹತ್ತಿರ ಕೂತು ನೋಡಿ, ಜೇನು ಒಂದೊಂದೇ ಪುಟ್ಟ ಹೂವಿಗೆ ಮುಖ ಹಾಕಿ, ಕದಿರಿನ ಕೆಳಗಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ, ಪಕ್ಕದಲ್ಲಿ ಕೂತಿರುವ ನಮ್ಮ ಕಡೆ ಗಮನವೇ ಇರುವುದಿಲ್ಲ. ಮಕ್ಕಳಿಗೆ ಭಯ ಹೋಗುವುದಕ್ಕೂ ಇದು ಒಳ್ಳೇ ದಾರಿ. ಪಾಕದ ತಟ್ಟೆಗಿಂತ ಇದು ಎಷ್ಟೋ ಮೇಲು.

ಹಾಗೇ, ಜಾಗ ಇದ್ದರೆ ಒಂದು ದೊಡ್ಡ ಫೀಡರ್ ಬದಲು ಎರಡು ಸಣ್ಣದು ಕಟ್ಟಿ, ಒಂದರಿಂದ ಇನ್ನೊಂದು ಕಾಣದ ಹಾಗೆ. ಗಂಡು ಆನಾಸ್ ಒಂದನ್ನ ಕಾಯುತ್ತಾ ಕೂತು ಬೇರೆ ಹಕ್ಕಿಗಳನ್ನ ಓಡಿಸುತ್ತದೆ. ಇನ್ನೊಂದು ಮರೆಯಲ್ಲಿದ್ದರೆ ಹೆಣ್ಣಿಗೂ ಸಿಗುತ್ತದೆ.

ಹರೀಶ, ಬೆಂಗಳೂರು

ಓದಿ ಖುಷಿಯಾಯಿತು. ನಮ್ಮ ಜಯನಗರದ ಬಾಲ್ಕನಿಯಲ್ಲೂ ಇಂಥ ಸಣ್ಣ ಹಕ್ಕಿ ಬರುತ್ತದೆ, ದಾಸವಾಳದ ಮುಂದೆ ಗಾಳಿಯಲ್ಲಿ ನಿಲ್ಲುತ್ತದೆ. ಇದೇ ಫೀಡರ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ, ತರಿಸಲಾ?

ಅನಿತಾ, ಸ್ಯಾನ್ ಡಿಯಾಗೊ

ಹರೀಶ ಅವರೇ, ಅದು ಸೂರಕ್ಕಿ. ನಮ್ಮ ದೇಶದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ನೋಡೋಕೆ ಒಂದೇ ಥರ ಅನ್ನಿಸಿದರೂ ಇವು ಬೇರೆ ಬೇರೆ ಕುಲ. ಸೂರಕ್ಕಿ ಒಂದು ಕ್ಷಣ ಗಾಳಿಯಲ್ಲಿ ನಿಂತರೂ ಹೆಚ್ಚಾಗಿ ರೆಂಬೆ ಹಿಡಿದು ಕೂತೇ ಕುಡಿಯುತ್ತದೆ. ಫೀಡರ್ ತರಿಸಬೇಡಿ. ಬೆಂಗಳೂರಿನಲ್ಲಿ ವರ್ಷವಿಡೀ ಏನಾದರೊಂದು ಹೂ ಇರುತ್ತದೆ, ಸಕ್ಕರೆ ನೀರಿಟ್ಟರೆ ಬರುವುದು ಇರುವೆ ಮತ್ತು ಜೇನು. ಆ ದುಡ್ಡಿಗೆ ಒಂದು ಕೇಪಳದ ಗಿಡ, ಜಾಗ ಇದ್ದರೆ ರತ್ನಗಂಧಿ ಹಾಕಿ. ಬಾಳೆ ಹೂವಿಗೂ ಬರುತ್ತವೆ.

ತುಡುವೆ, ಸ್ಯಾಕ್ರಮೆಂಟೊ

ಇರುವೆ ಅಂದಿದ್ದಕ್ಕೆ ನೆನಪಾಯಿತು. ಸುಮಾ ಅವರೇ, ಹೊಸ ಫೀಡರ್‌ನಲ್ಲಿ ನೀರಿನ ಗುಳಿ ಇಲ್ಲದಿದ್ದರೆ ಕೊಕ್ಕೆಗೂ ಫೀಡರ್‌ಗೂ ನಡುವೆ ನೀರು ತುಂಬಿದ ಸಣ್ಣ ಬಟ್ಟಲು ಸಿಕ್ಕಿಸಿ, ಅಂಗಡಿಯಲ್ಲಿ ಸಿಗುತ್ತದೆ. ಊರಲ್ಲಿ ಜೇನುಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು ಇಡುವುದಿಲ್ಲವೇ, ಅದೇ ಕೆಲಸ. ನೀರು ಆರದ ಹಾಗೆ ನೋಡಿಕೊಳ್ಳಿ, ಅದಕ್ಕೂ ಎಣ್ಣೆ ಹಾಕಬೇಡಿ.

ಕೊನೆಗೆ ಒಂದು ಎಚ್ಚರಿಕೆ. ಫೀಡರ್ ತೆಗೆದ ಮೇಲೂ ಹುಳಗಳು ಸೂರಿನ ಸಂದಿಗೆ ಅಥವಾ ಗೋಡೆಯ ತೂತಿಗೆ ಒಂದೇ ಸಮನೆ ಹೋಗಿ ಬರುತ್ತಾ ಇದ್ದರೆ, ಇಲ್ಲಾ ಕೊಂಬೆಯಲ್ಲಿ ಗೊಂಚಲಾಗಿ ತೂಗಿಕೊಂಡಿದ್ದರೆ, ಅದು ಫೀಡರ್‌ನ ವಿಷಯ ಅಲ್ಲ. ಆಗ ಕೀಟ ಕೊಲ್ಲುವವರನ್ನ ಕರೆಯಬೇಡಿ. ನಿಮ್ಮ ಕೌಂಟಿಯ ಜೇನು ಸಾಕುವವರ ಸಂಘಕ್ಕೆ ಫೋನ್ ಮಾಡಿ. ಕೊಂಬೆಯ ಗೊಂಚಲಾದರೆ ಎಷ್ಟೋ ಕಡೆ ದುಡ್ಡಿಲ್ಲದೆ ಬಂದು ಪೆಟ್ಟಿಗೆಗೆ ತುಂಬಿಕೊಂಡು ಹೋಗುತ್ತಾರೆ. ಗೋಡೆಯೊಳಗೆ ಗೂಡು ಕಟ್ಟಿದ್ದರೆ ಕೆಲಸ ದೊಡ್ಡದು, ಖರ್ಚೂ ಬರುತ್ತದೆ, ತಡ ಮಾಡಿದಷ್ಟೂ ಎರಿ ಬೆಳೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಜೇನು ಕಚ್ಚಿದರೆ ಅಲರ್ಜಿ ಆಗುವುದಾದರೆ ಫೀಡರ್ ಇಳಿಸುವ ಕೆಲಸ ಬೇರೆಯವರು ಮಾಡಲಿ, ಅದೂ ಪೂರ್ತಿ ಕತ್ತಲಾದ ಮೇಲೆ.